ಸೆಕೆಂಡಿಗೆ ಎಂಟು ಚಿತ್ರ

ನನ್ನ ತಂಗಿ ಮಾತು ಶುರುಮಾಡುವ ಮೊದಲು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಎದುರಿನವರು ತನ್ನ ಕಡೆ ನೋಡುವವರೆಗೂ ಹಾಗೇ. ಬಾಯಿ ಇರುವ ನಾವು ಬೆನ್ನು ತಿರುಗಿಸಿ ನಿಂತವರಿಗೂ ಹೇಳಿಬಿಡುತ್ತೇವೆ, ಬಚ್ಚಲಿನಿಂದ ಅಡುಗೆಮನೆಗೆ ಕೂಗಿಬಿಡುತ್ತೇವೆ. ಅವಳಿಗೆ ಆ ಅನುಕೂಲ ಇರಲಿಲ್ಲ. ಹುಟ್ಟಿನಿಂದಲೇ ಕಿವಿ ಕೇಳದು, ಹಾಗಾಗಿ ಬಾಯಿಗೂ ಮಾತು ಬರಲಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ನೋಡುವ ಕಣ್ಣು ಸಿಕ್ಕಿದ ಮೇಲೆಯೇ ಕೈ ಮೇಲೇಳುತ್ತಿತ್ತು. ಒಮ್ಮೆ ಎದ್ದಿತೆಂದರೆ ತಡೆಯುವವರು ಯಾರೂ ಇಲ್ಲ. ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದರು, "ನಿನ್ನ ತಂಗಿ ಒಂದು ನಿಮಿಷದಲ್ಲಿ ಆಡೋ ಮಾತು ನಾನು ಒಂದು ವಾರಕ್ಕೂ ಆಡಲ್ಲ ಕಣೇ."

ಆ ಭಾಷೆ ಯಾವ ಶಾಲೆಯದ್ದೂ ಅಲ್ಲ. ಅವಳನ್ನು ಶಾಲೆಗೆ ಕಳಿಸುವ ಯೋಚನೆ ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅಕ್ಷರ ಅವಳ ಹತ್ತಿರ ಸುಳಿಯಲೇ ಇಲ್ಲ. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ನಾವಿಬ್ಬರೂ ಸೇರಿ ಕಟ್ಟಿಕೊಂಡ ಭಾಷೆ ಅದು. ಮೂಗಿನ ತುದಿ ಮುಟ್ಟಿದರೆ ಅಪ್ಪ. ಕಿವಿಯ ಹಾಲೆ ಜಗ್ಗಿದರೆ ಅಮ್ಮ. ಅಂಗೈಯನ್ನು ಗಲ್ಲಕ್ಕೆ ಇಟ್ಟು ಹಾಗೇ ಹಿಡಿದುಕೊಂಡರೆ 'ಗೊತ್ತಾಯ್ತಾ?' ಎರಡು ಬೆರಳನ್ನು ಇನ್ನೊಬ್ಬರ ತೋಳಿನ ಮೇಲೆ ನಡೆಸಿದರೆ 'ಸುಳ್ಳು ಹೇಳ್ತಿದ್ದೀಯ.' ಅವಳಿಗೆ ಮಗಳು ಹುಟ್ಟಿದಾಗ ಆ ಮಗುವಿಗೆ ನಾಲ್ಕೇ ತಿಂಗಳಿಗೆ ಹಲ್ಲು ಮೂಡಿತು. ಅಂದಿನಿಂದ ಮುಂಬಲ್ಲನ್ನು ಉಗುರಿನಿಂದ ತಟ್ಟಿದರೆ ಮಗಳು. ಅದನ್ನು ನಾನು ಬಾಯಲ್ಲಿ ಹೇಳಲು ಹೋಗಿ ಅವಳು ಹಲ್ಲಿ ಆದಳು. ಮೂವತ್ತು ದಾಟಿದರೂ ಹಲ್ಲಿಯೇ. ಮಗುವಿನ ಕಿವಿ ಚೆನ್ನಾಗಿತ್ತು, ಆದರೂ ಬಾಯಿಗಿಂತ ಮೊದಲು ಅವಳ ಕೈ ಮಾತಾಡಿತು. ಹೀಗೆ ಆ ಭಾಷೆ ಬಲ್ಲವರು ಲೋಕದಲ್ಲಿ ಒಟ್ಟು ಮೂರು ಜನ.

ಹಲ್ಲಿ ಸರಕು ಹಡಗೊಂದರಲ್ಲಿ ಅಡುಗೆಯವಳು. ಅವಳ ಹಡಗು ಹೊರಟು ಹದಿನೈದು ದಿನವಾಗಿತ್ತು, ತಂಗಿಯ ಕೆಮ್ಮಿಗೆ ಡಾಕ್ಟರು ಹೆಸರಿಟ್ಟರು. ಶ್ವಾಸಕೋಶದಲ್ಲಿ ಗಡ್ಡೆ. ಹಲ್ಲಿಯ ಒಪ್ಪಂದ ಮುಗಿಯಲು ಇನ್ನೂ ಎಂಟು ತಿಂಗಳಿತ್ತು, ನಡುವೆ ಇಳಿಸಿ ಕಳಿಸಲು ಹಡಗಿನವರು ಒಪ್ಪಲಿಲ್ಲ. "ಎಷ್ಟು ದಿನ?" ಎಂದು ತಂಗಿ ಕೈಯಲ್ಲಿ ಕೇಳಿದಳು, ನಾನು ಬಾಯಲ್ಲಿ ಕೇಳಿದೆ. "ಮೂರು ತಿಂಗಳು ಅಂತ ಇಟ್ಕೊಳ್ಳಿ" ಎಂದರು ಡಾಕ್ಟರು. ಅದನ್ನು ಬಾಯಿಂದ ಕೈಗೆ ತರುವುದು ನನ್ನ ಪಾಲಿಗೆ ಬಂತು. ನಾನು ಒಂಬತ್ತು ಬೆರಳು ತೋರಿಸಿದೆ. ಅವಳು ನನ್ನ ತೋಳಿನ ಮೇಲೆ ಎರಡು ಬೆರಳು ನಡೆಸಿದಳು.

ಹಡಗಿನಿಂದ ಆಗೊಮ್ಮೆ ಈಗೊಮ್ಮೆ ಫೋನು ಬರುತ್ತಿತ್ತು, ಆದರೆ ಬರೀ ದನಿ. ದನಿಯನ್ನು ಕಟ್ಟಿಕೊಂಡು ತಂಗಿ ಏನು ಮಾಡಬೇಕು? ಕಾಗದ ಬರೆಯಲು ಅಕ್ಷರವಿಲ್ಲ. ನಾನು ಬರೆದುಕೊಡುತ್ತೇನೆ ಎಂದರೆ ತಲೆ ಅಲ್ಲಾಡಿಸಿದಳು. ಕೊನೆಗೆ ಬೀದಿಯ ತುದಿಯ ಸ್ಟುಡಿಯೋದವನ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. ಹಳೆಯ ಕ್ಯಾಮೆರಾ ಒಂದನ್ನೂ ಮೂರು ಕಾಲಿನ ಸ್ಟ್ಯಾಂಡನ್ನೂ ಉಗುರಿನಷ್ಟು ಗಾತ್ರದ ಎರಡು ಮೆಮೊರಿ ಕಾರ್ಡುಗಳನ್ನೂ ಕೊಟ್ಟ. "ಕೆಲಸ ಮುಗಿದ ಮೇಲೆ ತಂದುಕೊಡಿ, ಅಮ್ಮ. ಅವಸರ ಇಲ್ಲ" ಎಂದ.

ಕಿಟಕಿಯ ಬೆಳಕು ಕುರ್ಚಿಯ ಮೇಲೆ ಬೀಳುವುದು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ. ಆ ಹೊತ್ತಿಗೆ ಅವಳನ್ನು ಗೋಡೆಗಡಿಯಾರದ ಕೆಳಗೆ ಕೂರಿಸಿ ಬಟನ್ನು ಒತ್ತುತ್ತಿದ್ದೆ. ಒತ್ತಿದ ಮೇಲೆ ನಾನು ಹೊರಗೆ ಹೋಗಬೇಕು, ಅದು ಅವಳ ಷರತ್ತು.

"ಇದು ನನ್ನ ಮಗಳಿಗೆ. ನೀನು ನೋಡಬಾರದು. ಆಮೇಲೂ ನೋಡಬಾರದು" ಎಂದಳು.

"ಯಾಕೆ, ನನ್ನ ಮೇಲೆ ಚಾಡಿ ಹೇಳ್ತೀಯಾ?"

"ನಿನ್ನ ಬಗ್ಗೆ ಹೇಳೋಕೆ ಅಷ್ಟೆಲ್ಲ ಏನಿದೆ?"

ಮಾತು ಮುಗಿದಾಗ ಕಾಲಿನಿಂದ ನೆಲವನ್ನು ಎರಡು ಸಲ ಗುದ್ದುತ್ತಿದ್ದಳು. ನಾನು ಬಂದು ಬಟನ್ನು ಒತ್ತಿ ನಿಲ್ಲಿಸುತ್ತಿದ್ದೆ. ಕೆಲವು ದಿನ ಹತ್ತು ನಿಮಿಷ, ಕೆಲವು ದಿನ ಅರ್ಧ ಗಂಟೆ. ಬಾಗಿಲಿನ ಈಚೆ ಕೂತ ನನಗೆ ಅವಳ ಏದುಸಿರು, ಒಮ್ಮೊಮ್ಮೆ ಗಂಟಲಲ್ಲಿ ಹೊರಡುವ ನಗು ಕೇಳಿಸುತ್ತಿತ್ತು. ಮಗಳಿಗೆ ಏನು ಹೇಳಿ ನಗುತ್ತಾಳೋ ಎಂದು ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ. ಹೀಗೆ ನಲವತ್ತೊಂದು ವಿಡಿಯೋ ಆದವು. ನಲವತ್ತೆರಡನೆಯ ದಿನ ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಅದಾಗಿ ಆರನೆಯ ದಿನ ಹೋದಳು. ಹೋಗುವ ಹಿಂದಿನ ದಿನ ನನ್ನ ಕೈಯನ್ನು ಎಳೆದುಕೊಂಡು ಅಂಗೈಯನ್ನು ಹಲ್ಲು ತಟ್ಟುವ ಹಾಗೆ ಉಗುರಿನಿಂದ ತಟ್ಟಿ ಕ್ಯಾಮೆರಾ ಕಡೆ ನೋಡಿದಳು. ಕಳಿಸು, ಎಂದು. ಕಳಿಸ್ತೀನಿ, ಎಂದೆ.

ಸಾವಿನ ಸುದ್ದಿಯನ್ನು ಹಲ್ಲಿಗೆ ಫೋನಿನಲ್ಲಿ ಹೇಳಿದೆ. ಆಮೇಲೆ ಮೊದಲನೆಯ ವಿಡಿಯೋವನ್ನು ಲೈಬ್ರರಿಯ ಕಂಪ್ಯೂಟರಿನಿಂದ ಇದ್ದಂತೆಯೇ ನೆಟ್ಟಿಗೆ ಏರಿಸಿ ಹಲ್ಲಿಗೆ ಕೊಂಡಿ ಕಳಿಸಿದೆ. ನಾಲ್ಕು ದಿನದ ಮೇಲೆ ಅವಳ ಸಂದೇಶ ಬಂತು: 'ದೊಡ್ಡಮ್ಮ, ಚಕ್ರ ತಿರುಗ್ತಾನೇ ಇದೆ, ಚಿತ್ರ ಬರ್ತಿಲ್ಲ. ಬಂದರಿನಲ್ಲಿ ನಿಂತಾಗ ಮಾತ್ರ ನೆಟ್ ಸಿಗೋದು, ಅದನ್ನೂ ಇಪ್ಪತ್ತು ಜನ ಹಂಚ್ಕೋಬೇಕು. ಸಣ್ಣದು ಮಾಡಿ ಹಾಕು. ಎಷ್ಟು ಸಣ್ಣದಾದ್ರೆ ಅಷ್ಟು ಒಳ್ಳೇದು. ಮುಂದಿನ ಬಂದರು ಇಪ್ಪತ್ತೆರಡು ದಿನಕ್ಕೆ.'

ಲೈಬ್ರರಿಯವನಿಗೆ ನಲವತ್ತೈದರ ಸುಮಾರು. ನನ್ನನ್ನು ಅಜ್ಜಿ ಎನ್ನುತ್ತಿದ್ದ. "ನಿನ್ನ ತಲೆಯಲ್ಲೂ ಬೆಳ್ಳಿ ಹೊಳೀತಿದೆ, ಅಜ್ಜಿ ಅನ್ನೋಕೆ ನಾಚಿಕೆ ಆಗಲ್ವಾ?" ಎಂದು ನಾನು ಅನ್ನುತ್ತಿದ್ದೆ. ವಿಷಯ ಹೇಳಿದೆ. ಅವನು ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ಕಡತಗಳ ಗಾತ್ರ ನೋಡಿ ತಲೆ ಕೆರೆದುಕೊಂಡ.

"ಒಂದೊಂದೂ ಆನೆ ಇದ್ದ ಹಾಗಿದೆಯಲ್ಲ, ಅಜ್ಜಿ. ಸೆಕೆಂಡಿಗೆ ಐವತ್ತು ಚಿತ್ರ ತೆಗೆದಿದೆ. ಏನಿದೆ ಇದರಲ್ಲಿ? ಓಡಾಟ, ಕುಣಿತ ಏನಾದ್ರೂ?"

"ಏನೂ ಇಲ್ಲಪ್ಪ. ನನ್ನ ತಂಗಿ ಕುರ್ಚಿ ಮೇಲೆ ಕೂತಿದ್ದಾಳೆ. ಕುರ್ಚಿ ಬಿಟ್ಟು ಏಳೋದಿಲ್ಲ."

"ಹಾಗಾದ್ರೆ ಎಂಟು ಚಿತ್ರ ಸಾಕು ಬಿಡಿ. ಎಂಪಿ ಫೋರ್ ಮಾಡಿ, ಗುಣಮಟ್ಟ ಇಲ್ಲಿ ಕೆಳಗೆ ಎಳೆದ್ರೆ ಇಲಿಮರಿಯಷ್ಟು ಆಗುತ್ತೆ. ಹಡಗೇನು, ದೋಣಿಯಲ್ಲೂ ಓಡುತ್ತೆ."

ಮೊದಲನೆಯದನ್ನು ಅವನೇ ಪರಿವರ್ತಿಸಿ ತೋರಿಸಿದ. ಪರದೆಯ ಮೇಲೆ ತಂಗಿ ಬಂದಳು. ಮಡಿಲಲ್ಲಿ ಕೈ ಇಟ್ಟುಕೊಂಡು ನೇರ ನನ್ನನ್ನೇ ನೋಡುತ್ತಿದ್ದಳು. "ನೋಡಿ, ಗಡಿಯಾರದ ಮುಳ್ಳು ಕೂಡ ಎಷ್ಟು ಸ್ಪಷ್ಟ" ಎಂದ. ಅಷ್ಟರಲ್ಲಿ ಅವಳ ಭುಜ ಅಲುಗಿತು, ಕೈ ಏಳುವುದರಲ್ಲಿತ್ತು. ನಾನು ಗಬಕ್ಕನೆ ಮುಚ್ಚಿಸಿದೆ. ನೋಡಬಾರದು ಎಂದು ಹೇಳಿದ್ದಳಲ್ಲ.

ಅವಳು ಕೈಯಲ್ಲಿ ಮಾತಾಡುವವಳು ಎಂದು ನಾನು ಅವನಿಗೆ ಹೇಳಲಿಲ್ಲ. ಮುಚ್ಚಿಡಬೇಕು ಎಂದಲ್ಲ. ಅರವತ್ತು ವರ್ಷ ಜೊತೆಗಿದ್ದವಳ ಬಗ್ಗೆ, ಅವಳಿಗೆ ಮೂಗಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಹಾಗೆ, ಅದು ಹೇಳಬೇಕಾದ ಸಂಗತಿ ಎಂದು ನನಗೆ ಹೊಳೆಯಲೇ ಇಲ್ಲ.

ಉಳಿದ ನಲವತ್ತನ್ನು ನಾನೇ ಕೂತು ಮಾಡಿದೆ. ಹನ್ನೊಂದು ದಿನ ಹಿಡಿಯಿತು. ಒಂದನ್ನು ಹಾಕಿ, ಪಟ್ಟಿಯ ಹಸಿರು ಬಣ್ಣ ಎಡದಿಂದ ಬಲಕ್ಕೆ ತುಂಬುವವರೆಗೂ ಕಾಯುವುದು. ಕಾಯುವುದು ನನಗೆ ಕಷ್ಟವಲ್ಲ. ಬಟ್ಟೆ ಕಾರ್ಖಾನೆಯ ಚೆಕ್ಕಿಂಗ್ ಮೇಜಿನಲ್ಲಿ ಮೂವತ್ತೊಂದು ವರ್ಷ ನಿಂತವಳು ನಾನು. ಅಂಗಿಗಳು ಇಪ್ಪತ್ತರ ಕಟ್ಟಿನಲ್ಲಿ ಬರುತ್ತಿದ್ದವು. ಎಲ್ಲವನ್ನೂ ಬಿಚ್ಚಿ ನೋಡುವಷ್ಟು ಹೊತ್ತು ಯಾರೂ ಕೊಡುವುದಿಲ್ಲ. ಮೇಲಿನ ಅಂಗಿಯ ಕಾಲರು ನೋಡಬೇಕು. ಕಾಲರಿನ ಹೊಲಿಗೆ ನೆಟ್ಟಗಿದ್ದರೆ ತೋಳೂ ನೆಟ್ಟಗಿರುತ್ತದೆ, ಮೇಲಿನದು ನೆಟ್ಟಗಿದ್ದರೆ ಕೆಳಗಿನ ಹತ್ತೊಂಬತ್ತೂ ನೆಟ್ಟಗಿರುತ್ತವೆ. ನನ್ನ ಮೇಜು ದಾಟಿದ ಕಟ್ಟು ವಾಪಸು ಬಂದದ್ದು ಅಷ್ಟು ವರ್ಷದಲ್ಲಿ ಎರಡೇ ಸಲ. ವಿಡಿಯೋಗಳನ್ನೂ ಹಾಗೇ ನೋಡಿದೆ. ಒಂದೊಂದನ್ನೂ ತೆರೆದು ಮನಸ್ಸಿನಲ್ಲಿ ಐದು ಎಣಿಸುತ್ತಿದ್ದೆ. ತಂಗಿ ಮಡಿಲಲ್ಲಿ ಕೈ ಇಟ್ಟು ಕೂತಿರುತ್ತಿದ್ದಳು. ಮುಖ ಸ್ಪಷ್ಟ, ಗುಂಡಿ ಸ್ಪಷ್ಟ, ಗಡಿಯಾರ ಸ್ಪಷ್ಟ. ಕೈ ಮೇಲೇಳುವ ಮೊದಲೇ ಮುಚ್ಚುತ್ತಿದ್ದೆ. ಕಾಲರು ಸರಿಯಿದೆ, ಮುಂದಕ್ಕೆ.

ದೊಡ್ಡದನ್ನು ಸಣ್ಣದು ಮಾಡುವುದು ಎಂದರೆ ನನ್ನ ಮಟ್ಟಿಗೆ ಅಂಗಿ ಮಡಿಸಿ ಪೆಟ್ಟಿಗೆಗೆ ಹಾಕುವುದು. ಎಷ್ಟೇ ಒತ್ತಿ ಮಡಿಸಲಿ, ಆ ಕಡೆ ಬಿಚ್ಚಿದವರಿಗೆ ಪೂರ್ತಿ ಅಂಗಿಯೇ ಸಿಗುತ್ತದೆ. ಕತ್ತರಿ ಕೆಲಸ ಮಾಡುತ್ತಿದ್ದೇನೆ ಎಂದು ನನಗೆ ತಿಳಿಯಲಿಲ್ಲ.

ಕೊನೆಯದು ಮುಗಿದ ದಿನ, ನೆಟ್ಟಿನಲ್ಲಿದ್ದ ಮೊದಲ ದೊಡ್ಡದನ್ನು ತೆಗೆದುಹಾಕಿ, ನಲವತ್ತೊಂದು ಸಣ್ಣವನ್ನೂ ಏರಿಸಿ ಹಲ್ಲಿಗೆ ಕೊಂಡಿ ಕಳಿಸಿದೆ. ಲೈಬ್ರರಿಯವನು ಕೇಳಿದ, "ಎಲ್ಲ ತೆರೆದು ನೋಡಿದ್ರಾ, ಅಜ್ಜಿ? ಶನಿವಾರ ಶನಿವಾರ ಈ ಕಂಪ್ಯೂಟರು ಖಾಲಿ ಮಾಡ್ತೀವಿ. ದೊಡ್ಡವು ಬೇಕಾ?"

"ಎಲ್ಲ ನೋಡಿದೆ. ಬೇಡ" ಎಂದೆ.

ಮನೆಗೆ ಬರುವಾಗ ಸ್ಟುಡಿಯೋದವನು ಬಾಗಿಲಲ್ಲೇ ಸಿಕ್ಕಿದ. ನಾಡಿದ್ದು ಶಾಲೆಯ ಆಟೋಟ ಇದೆ, ಆ ಕಾರ್ಡುಗಳು ಖಾಲಿ ಇದ್ದರೆ ಅನುಕೂಲವಾಗುತ್ತಿತ್ತು, ಇಲ್ಲದಿದ್ದರೂ ಪರವಾಗಿಲ್ಲ ಎಂದ. ಇನ್ನೊಬ್ಬರ ವಸ್ತುವನ್ನು ಬೇಕಿಲ್ಲದ ಮೇಲೂ ಇಟ್ಟುಕೊಳ್ಳುವವಳಲ್ಲ ನಾನು. ತಂಗಿಯ ಮಾತು ಅವನ ಕಣ್ಣಿಗೂ ಬೀಳಬಾರದಲ್ಲ ಎಂದು ಕ್ಯಾಮೆರಾದಲ್ಲೇ ಎರಡೂ ಕಾರ್ಡನ್ನು ಅಳಿಸಿದೆ. 'ಎಲ್ಲವನ್ನೂ ಅಳಿಸಬೇಕೇ?' ಎಂದು ಅದು ಕೇಳಿತು. ಹೌದು ಎಂದೆ. ಕ್ಯಾಮೆರಾದ ಧೂಳು ಒರೆಸಿ, ಸ್ಟ್ಯಾಂಡಿನ ಕಾಲು ಮಡಿಸಿ, ಕೊಟ್ಟು ಬಂದೆ. ಮಾತು ಉಳಿಸಿಕೊಂಡೆ ಎಂದು ಅವತ್ತು ಹೊಟ್ಟೆತುಂಬ ಊಟ ಮಾಡಿದೆ.

ಹಲ್ಲಿ ಹೇಳಿದ್ದ ಇಪ್ಪತ್ತೆರಡು ದಿನ ತುಂಬಿದಾಗ ಅವಳ ಫೋನು ಬಂತು.

"ದೊಡ್ಡಮ್ಮ, ಅಮ್ಮನ ಕೈ ಎಲ್ಲಿ?"

"ಕೈ ಅಂದ್ರೆ?"

"ಮುಖ ಇದೆ. ಗಡಿಯಾರ ಇದೆ. ಅಂಗಿ ಗುಂಡಿ ಎಣಿಸಬಹುದು. ಕೈ ಮಾತ್ರ ಇಲ್ಲ. ಮಡಿಲಿಂದ ಎತ್ತಿದ ಕೂಡಲೇ ಹೊಗೆ ಆಗಿಬಿಡುತ್ತೆ. ಬೆರಳೇ ಕಾಣಲ್ಲ."

"ನಿನ್ನ ನೆಟ್ ಸರಿ ಇಲ್ವೇನೋ."

"ಇಲ್ಲ, ಪೂರ್ತಿ ಇಳಿಸ್ಕೊಂಡಿದ್ದೀನಿ. ಒಂಬತ್ತು ನೋಡಿದೆ. ಎಲ್ಲಾ ಹಂಗೇ." ಅವಳ ಹಿಂದೆ ಯಾವುದೋ ಯಂತ್ರ ಗುಡುಗುತ್ತಿತ್ತು. "ದೊಡ್ಡದನ್ನೇ ಇಟ್ಟಿರು, ದೊಡ್ಡಮ್ಮ. ನಾನು ಬಂದು ನೋಡ್ತೀನಿ. ಅವಸರ ಏನಿಲ್ಲ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇದೆ ತಾನೆ?" ಎಂದಳು. ಇನ್ನೊಮ್ಮೆ, ಮೆಲ್ಲಗೆ, "ಇದೆ ತಾನೆ, ದೊಡ್ಡಮ್ಮ?"

ಚಪ್ಪಲಿ ಮೆಟ್ಟುವುದನ್ನೂ ಮರೆತು ಲೈಬ್ರರಿಗೆ ಹೋದೆ. ಅವನು ಒಂದನ್ನು ತೆರೆದು ನಡುವಿಗೆ ಓಡಿಸಿದ. ಆಗ ಮೊದಲ ಸಲ ನಾನು ನೋಡಬಾರದ್ದನ್ನು ನೋಡಿದೆ. ನನ್ನ ತಂಗಿಯ ಎದೆಯ ಮುಂದೆ ಎರಡು ಕಂದು ಮೋಡಗಳು ಚೌಕ ಚೌಕವಾಗಿ ಒಡೆದು ತೇಲುತ್ತಿದ್ದವು. ಮೇಲೆ ಅವಳ ಮುಖ ಒಂದೊಂದು ಸುಕ್ಕಿನ ಸಮೇತ ನಗುತ್ತಿತ್ತು.

ಅವನು ಚಿತ್ರವನ್ನು ಅಲ್ಲೇ ನಿಲ್ಲಿಸಿದ. ಆಮೇಲೆ, "ಕೈಯಲ್ಲಿ ಮಾತಾಡೋರು ಅಂತ ನೀವು ಹೇಳ್ಲಿಲ್ವಲ್ಲ" ಎಂದ.

"ಹೇಳಲಿಲ್ಲ."

"ಇದು ಅಲುಗಾಡದ್ದನ್ನ ಉಳಿಸ್ಕೊಳ್ಳುತ್ತೆ, ಅಜ್ಜಿ. ಗೋಡೆ ಅಲುಗಾಡಲ್ಲ, ಒಂದ್ಸಲ ಬರ್ಕೊಂಡ್ರೆ ಮುಗೀತು. ಅಲುಗಾಡೋದಕ್ಕೆ ಜಾಗ ಬೇಕು. ಜಾಗ ಕಮ್ಮಿ ಮಾಡಿದ್ರೆ ಮೊದಲು ಹೋಗೋದು ಅದೇ."

"ಮತ್ತೆ ದೊಡ್ಡದು ಮಾಡು."

"ಮಾಡಬಹುದು. ಮಸುಕೇ ದೊಡ್ಡದಾಗುತ್ತೆ."

ಸ್ಟುಡಿಯೋದವನು ಪಾಪ ಎರಡು ದಿನ ಅಂಗಡಿಯ ಕೆಲಸ ಬಿಟ್ಟು ಕೂತ. ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಧನವೊಂದನ್ನು ಎರಡೂ ಕಾರ್ಡಿನ ಮೇಲೆ ಓಡಿಸಿದ. ಸಿಕ್ಕಿದ್ದೆಲ್ಲ ಶಾಲೆಯ ಮಕ್ಕಳು. ಗೋಣಿಚೀಲದೊಳಗೆ ಕಾಲಿಟ್ಟು ಕುಪ್ಪಳಿಸುವ ಮಕ್ಕಳು, ಹಗ್ಗ ಎಳೆಯುವ ಮಕ್ಕಳು, ಗೆದ್ದು ಎರಡೂ ಕೈ ಮೇಲೆತ್ತಿದ ಒಂದು ಹುಡುಗಿ. ಅವಳ ಹತ್ತೂ ಬೆರಳು ಕಾಣುತ್ತಿದ್ದವು. ಎರಡನೆಯ ದಿನ ಸಂಜೆ ಒಂದು ಚೂರು ಸಿಕ್ಕಿತು ಎಂದು ಕರೆಸಿದ. ನಾಲ್ಕು ಸೆಕೆಂಡು, ಹಳೆಯ ದೊಡ್ಡ ಗಾತ್ರದ್ದು, ಕನ್ನಡಿಯಷ್ಟು ಸ್ವಚ್ಛ. ಅದರಲ್ಲಿ ತಂಗಿ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು.

ಒಪ್ಪಂದ ಮುಗಿಸಿ ಹಲ್ಲಿ ಬಂದಳು. ನನ್ನ ಮೇಲೆ ರೇಗುತ್ತಾಳೆ ಎಂದು ಕಾದಿದ್ದೆ; ರೇಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಚೀಲ ಇಳಿಸಿ, ಕೈಕಾಲು ತೊಳೆದು, ಗಡಿಯಾರದ ಕೆಳಗಿನ ಕುರ್ಚಿಯನ್ನು ನೋಡಿ, ಅದರಲ್ಲಿ ಕೂರದೆ ನೆಲದ ಮೇಲೆ ಕೂತಳು.

"ನೀನೂ ನೋಡು, ದೊಡ್ಡಮ್ಮ. ನನಗೆ ಗೊತ್ತಾಗದ್ದು ನಿನಗೆ ಗೊತ್ತಾಗಬಹುದು."

"ನೋಡಬಾರದು ಅಂದಿದ್ಳು."

"ನೋಡೋಕೆ ಅಲ್ಲಿ ಏನಿದೆ ಈಗ?"

ನಾಲ್ಕು ಮಧ್ಯಾಹ್ನ ಅವಳ ಲ್ಯಾಪ್‌ಟಾಪಿನ ಮುಂದೆ ಕೂತೆವು. ಅವಳ ತೊಡೆಯ ಮೇಲೆ ಒಂದು ನೋಟುಪುಸ್ತಕ. ಒಂದೊಂದೇ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಕೈ ನಿಂತ ಕಡೆ ಮಾತ್ರ ಬೆರಳು ಕಾಣುತ್ತಿತ್ತು, ಮತ್ತು ಕೈ ನಿಲ್ಲುವುದು ಮಾತಿನ ಕೊನೆಯಲ್ಲಿ. ಹಾಗಾಗಿ ನಮಗೆ ಬರೀ ಕೊನೆಗಳು ಸಿಕ್ಕವು. ಮೊದಲು ಉದ್ದಕ್ಕೂ ಹೊಗೆ, ಆಮೇಲೆ 'ಮರೀಬೇಡ.' ಮತ್ತೆ ಹೊಗೆ, ಆಮೇಲೆ 'ಅವನಿಗೆ ಹೇಳಬೇಡ.' ಯಾವನಿಗೆ, ಏನನ್ನು? ಮತ್ತೆ ಹೊಗೆ, ಗಂಟಲಲ್ಲಿ ನಗು, 'ಹಾಗಿತ್ತು ನೋಡು.' ಎಲ್ಲಕ್ಕಿಂತ ಹೆಚ್ಚಾಗಿ ಗಲ್ಲದ ಮೇಲೆ ಅಂಗೈ. ಗೊತ್ತಾಯ್ತಾ? ಉತ್ತರ ಬರುವವರೆಗೂ ಕೈ ತೆಗೆಯದೆ ಕಾಯುವುದು ಅವಳ ಅಭ್ಯಾಸ. ಕಾಯುವಾಗ ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಉಗುರಿನ ಮೇಲಿನ ಬಿಳಿ ಚುಕ್ಕೆಯೂ ಕಾಣುತ್ತಿತ್ತು.

ಹದಿನೇಳನೆಯದರಲ್ಲಿ ತಂಗಿ ಅಳುತ್ತಿದ್ದಳು. ಹಲ್ಲಿಯ ಪೆನ್ನು ಕಾಗದದ ಮೇಲೆ ನಿಂತಿತ್ತು. ನನಗೆ ತಡೆಯಲಾಗಲಿಲ್ಲ.

"ಇದು ಗೊತ್ತಾಯ್ತು ನನಗೆ" ಎಂದೆ. "ನೀನು ಬರೋಕಾಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡ ಅಂತಿದ್ದಾಳೆ. ನಿನ್ನ ಮೇಲೆ ಕೋಪ ಇಲ್ಲವಂತೆ."

ಹಲ್ಲಿ ಬರೆಯಲಿಲ್ಲ. ನನ್ನ ಮುಖವನ್ನು ನೋಡಿದಳು. ಆಮೇಲೆ ನನ್ನ ತೋಳನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಮೇಲೆ ಎರಡು ಬೆರಳನ್ನು ನಿಧಾನವಾಗಿ, ಮೊಣಕೈವರೆಗೂ ನಡೆಸಿದಳು. ಪೆನ್ನಿಗೆ ಮುಚ್ಚಳ ಹಾಕಿದಳು. ಅಲ್ಲಿಂದ ಮುಂದೆ ನಾವಿಬ್ಬರೂ ಬಾಯಲ್ಲಿ ಮಾತಾಡಲಿಲ್ಲ.

ನಲವತ್ತೊಂದನೆಯದನ್ನು ನಾಲ್ಕನೆಯ ಮಧ್ಯಾಹ್ನ ಹಾಕಿದೆವು. ಅದರಲ್ಲಿ ತಂಗಿ ದಿಂಬಿಗೆ ಒರಗಿ ಕೂತಿದ್ದಳು. ಕೈ ಎತ್ತಿದಳು, ಮತ್ತು ಬೆರಳು ಕಂಡವು. ಹಲ್ಲಿ ನನ್ನ ಮೊಣಕಾಲು ಹಿಡಿದುಕೊಂಡಳು. ಶಕ್ತಿ ಇರಲಿಲ್ಲವಲ್ಲ, ತುಂಬಿದ ಕೊಡ ಎತ್ತುವವಳ ಹಾಗೆ ಒಂದೊಂದು ಸನ್ನೆಯನ್ನೂ ಎತ್ತಿ, ಹಿಡಿದು, ಇಳಿಸುತ್ತಿದ್ದಳು. ಸೆಕೆಂಡಿಗೆ ಎಂಟು ಚಿತ್ರ ಆ ಕೈಗೆ ಧಾರಾಳವಾಗಿ ಸಾಕಾಗಿತ್ತು. ಒಂದು ಮಾತೂ ತಪ್ಪದೆ ಓದಿದೆವು.

ಮುಂಬಲ್ಲನ್ನು ತಟ್ಟಿದಳು. ಮಗಳೇ.

ಸುಸ್ತು, ಎಂದಳು. ಇವತ್ತು ಹೊಸದೇನೂ ಇಲ್ಲ. ಹೇಳಬೇಕಾದ್ದೆಲ್ಲ ಹೇಳಿ ಆಯ್ತು. ಎಲ್ಲ ಹಿಂದಿನದರಲ್ಲಿ ಇದೆ. ಒಂದನ್ನೂ ಬಿಟ್ಟಿಲ್ಲ. ನಿಧಾನವಾಗಿ ನೋಡು.

ಅಂಗೈಯನ್ನು ಗಲ್ಲಕ್ಕೆ ಇಟ್ಟಳು. ಗೊತ್ತಾಯ್ತಾ?

ಇಟ್ಟವಳು ತೆಗೆಯಲಿಲ್ಲ. ಗಡಿಯಾರದ ಸೆಕೆಂಡಿನ ಮುಳ್ಳು ಅವಳ ತಲೆಯ ಮೇಲೆ ತಡೆದು ತಡೆದು ಮುಂದೆ ಹೋಗುತ್ತಿತ್ತು. ಹಲ್ಲಿಯ ಕೈ ಮೇಲೆದ್ದಿತು. ಇಲ್ಲ, ಎಂದು ಸನ್ನೆ ಮಾಡಿದಳು. ಇಲ್ಲ, ಅಮ್ಮ. ಇನ್ನೊಂದ್ಸಲ ಹೇಳು.

ತಂಗಿ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತೃಪ್ತಿಯಾದವಳಂತೆ ತಲೆದೂಗಿದಳು. ಕೈಗಳನ್ನು ಮಡಿಲಿಗೆ ಇಳಿಸಿಕೊಂಡಳು. ಕಾಲಿನಿಂದ ನೆಲವನ್ನು ಎರಡು ಸಲ ಗುದ್ದಿದ ಸದ್ದು ಕೇಳಿಸಿತು, ಬಾಗಿಲು ಕಿರುಗುಟ್ಟಿತು. ಪರದೆಯ ಅಂಚಿನಿಂದ ನನ್ನ ಕೈ ಬಂದಿತು, ಹತ್ತಿರ ಬಂದಷ್ಟೂ ದೊಡ್ಡದಾಗಿ ಅವಳನ್ನು ಪೂರ್ತಿ ಮುಚ್ಚಿ, ಬಟನ್ನು ಒತ್ತಿತು.